ಒಂದಕ್ಷರ ತಪ್ಪಿದ ಕೊಬ್ಬರಿ ಲೆಕ್ಕ

ತುರುವೇಕೆರೆ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಿ ಇಳಿಯೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಅಷ್ಟು ಕಾದ ಮಾಲಿನ ಲೆಕ್ಕವನ್ನು ನಾನು ಒಂದೇ ಅಕ್ಷರದಲ್ಲಿ ಕೆಡಿಸಿದ್ದೆ!

ಆಗಷ್ಟೇ ಪೈಥಾನ್ ಕಲಿಯುತ್ತಿದ್ದೆ. ಅಪ್ಪನಿಗೆಂದು ಪುಟ್ಟ ಪ್ರೋಗ್ರಾಂ ಬರೆದೆ: ತೂಕ, ಕ್ವಿಂಟಲ್ ದರ, ಒಟ್ಟು ಹಣ. ದರಕ್ಕೆ ಇಂಗ್ಲಿಷಿನಲ್ಲಿ ‘ರೇಟ್’ ಅಂತ ಹೆಸರಿಟ್ಟೆ, ಎಲ್ಲಾ ಸಣ್ಣಕ್ಷರ. ತಿಪಟೂರು ಮಾರುಕಟ್ಟೆಯಲ್ಲಿ ದರ ಏರಿದಾಗ, ಹಳೇ ಸಾಲಿನ ಕೆಳಗೆ ಹೊಸದನ್ನು ಬರೆದೆ. ಮೊದಲಕ್ಷರ ದೊಡ್ಡದಾಗಿತ್ತು. ಪೈಥಾನ್‌ಗೆ ಅವು ಎರಡು ಬೇರೆ ಹೆಸರು. ಎರರ್ ಬರಲಿಲ್ಲ, ಹಳೇ ದರದಲ್ಲೇ ಲೆಕ್ಕ ಬಂತು.

“ಏನ್ ಮಗ, ಇದು ಹೋದ ವಾರದ ರೇಟ್ ಅಲ್ವೇನೋ?” ಅಂದರು ಅಪ್ಪ. ಸಾಲದ ಕಂತು ಕಟ್ಟಬೇಕಿದ್ದದ್ದು ಆ ಹಣದಲ್ಲೇ.

ಹೊಸದಾಗಿ ಕಲಿಯುವವರು ನೆನಪಿಡಬೇಕಾದ್ದು ನಾಲ್ಕೇ:

1. ಹೆಸರು ಅಂಕಿಯಿಂದ ಶುರುವಾಗಬಾರದು.
2. ನಡುವೆ ಜಾಗ ಬಿಡಬೇಡಿ, ಅಂಡರ್‌ಸ್ಕೋರ್ ಹಾಕಿ. ಅಡ್ಡಗೆರೆ ಹಾಕಿದರೆ ಅದು ಕಳೆಯುವ ಚಿಹ್ನೆ.
3. ಇಫ್, ಫಾರ್, ಕ್ಲಾಸ್ ತರಹದ ಮೀಸಲು ಪದ ಬೇಡ.
4. ಸಣ್ಣಕ್ಷರ, ದೊಡ್ಡಕ್ಷರ ಬೇರೆ ಬೇರೆ.

ಮೊದಲ ಮೂರು ತಪ್ಪಿದರೆ ಪೈಥಾನೇ ತಡೆಯುತ್ತೆ. ನಾಲ್ಕನೆಯದು ತಪ್ಪಿದರೆ ಕೆಲವು ಸಲ ಸುಮ್ಮನಿದ್ದುಬಿಡುತ್ತೆ. ಹುಷಾರಾಗಿರಬೇಕಾದ್ದು ಅಲ್ಲೇ.

2008ರಲ್ಲಿ ಬಂದ ಪೈಥಾನ್ 3ರಲ್ಲಿ ಕನ್ನಡದಲ್ಲೂ ಹೆಸರಿಡಬಹುದು. ನಾನೀಗ ‘ಕೊಬ್ಬರಿ_ದರ’ ಅಂತಲೇ ಬರೀತೀನಿ. ಕನ್ನಡದಲ್ಲಿ ದೊಡ್ಡಕ್ಷರ ಅನ್ನೋದೇ ಇಲ್ಲವಲ್ಲ! ಜೊತೆಗೆ, ಅಪ್ಪನೂ ಓದಿ ತಪ್ಪು ಹಿಡೀತಾರೆ.