ಕೈಯ ಇಸುಬು: ಕೆಟ್ಟದ್ದು ರಕ್ತವಲ್ಲ, ಬೇಲಿ

ಅಡಿಕೆ ಸುಲಿತ ಆರಂಭವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಸುಲಿಯುವವರ ಸಾಲಿನಲ್ಲಿ ಒಬ್ಬಿಬ್ಬರಾದರೂ ಕೈ ತುರಿಸಿಕೊಳ್ಳತೊಡಗುತ್ತಾರೆ. ಮೊದಲು ಬೆರಳ ಸಂದಿಯಲ್ಲಿ ಕೆಂಪು, ಆಮೇಲೆ ಸಣ್ಣ ನೀರುಗುಳ್ಳೆ, ಕಡೆಗೆ ಚರ್ಮ ಒರಟಾಗಿ ಬಿರುಕು. ಮಳೆಗಾಲದಲ್ಲಿ ಬೋರ್ಡೋ ಕಲಸುವವರಿಗೂ, ಕಾಫಿ ಪಲ್ಪಿಂಗ್ ಮಾಡುವವರಿಗೂ, ಪಾತ್ರೆ, ಬಟ್ಟೆ, ಕೊಟ್ಟಿಗೆ ಎಂದು ದಿನವಿಡೀ ನೀರಿನಲ್ಲೇ ಇರುವ ನಮ್ಮ ಮನೆಯ ಹೆಂಗಸರಿಗೂ ಇದೇ ಪಾಡು. ನಾವು ಇಸುಬು ಎನ್ನುವ ಇದನ್ನೇ ವೈದ್ಯರು ಎಕ್ಸಿಮಾ ಎನ್ನುತ್ತಾರೆ. ರಕ್ತ ಕೆಟ್ಟಿದೆ, ಉಷ್ಣ ಏರಿದೆ, ಅಂಟುರೋಗವಿದು, ಪಕ್ಕದಲ್ಲಿ ಕೂರಿಸಬೇಡಿ ಎಂಬ ಮಾತುಗಳು ಇಂದಿಗೂ ಚಾಲ್ತಿಯಲ್ಲಿವೆ. ಕೈಯಲ್ಲಿ ಕಜ್ಜಿ ಎಂದು ಸಾಲಿನಿಂದ ಎಬ್ಬಿಸಿ ಮನೆಗೆ ಕಳುಹಿಸಿದ್ದನ್ನು ನಾವು ಕಂಡಿದ್ದೇವೆ. ಸುಗ್ಗಿಯ ಎರಡು ತಿಂಗಳ ಕೂಲಿ ತಪ್ಪಿದರೆ ಆ ಮನೆಗೆ ಬೀಳುವ ಪೆಟ್ಟು ಸಣ್ಣದಲ್ಲ. ಇಸುಬು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ ಎಂಬುದನ್ನು ಸದಸ್ಯ ಬಾಂಧವರು ಮೊದಲು ಮನಸ್ಸಿನಲ್ಲಿಡಬೇಕು.

ಹಾಗಾದರೆ ಕೆಟ್ಟದ್ದೇನು? ತೋಟಕ್ಕೆ ಬೇಲಿ ಇರುವಂತೆ ದೇಹಕ್ಕೆ ಚರ್ಮದ ಹೊರಪದರ. ಅಂಗೈ ಅಂಗಾಲುಗಳಲ್ಲಿ ಅದು ದಪ್ಪ; ಮಿಕ್ಕ ಕಡೆ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟೇ ದಪ್ಪ. ಅಮೆರಿಕದ ಚರ್ಮತಜ್ಞ ಪೀಟರ್ ಇಲಾಯಸ್ 1980ರ ದಶಕದಲ್ಲಿ ಈ ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಿ ವಿವರಿಸಿದರು. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆ. ಅವುಗಳ ಸಂದಿನಲ್ಲಿ ತುಂಬಿರುವ ಜಿಡ್ಡೇ ಗಾರೆ. ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳಿಂದ ಆದದ್ದು. ಜಂಬಿಟ್ಟಿಗೆ ಗೋಡೆ ಕಟ್ಟಿಸಿದವರಿಗೆ ಹೇಳಬೇಕಾಗಿಲ್ಲ: ಕಲ್ಲು ಎಷ್ಟೇ ಗಟ್ಟಿಯಿರಲಿ, ಗಾರೆ ಉದುರಿತೆಂದರೆ ಮಳೆನೀರು ಒಳಗೆ.

ಚರ್ಮದ ಗಾರೆ ಉದುರಿದಾಗ ಒಳಗಿನ ನೀರು ಆವಿಯಾಗಿ ಹೋಗಿ ಚರ್ಮ ಬಿರಿಯುತ್ತದೆ. ಅದೇ ಬಿರುಕಿನಿಂದ ಸೋಪು, ಸುಣ್ಣ, ಹಸಿ ಅಡಿಕೆಯ ಚೊಗರು, ಧೂಳು, ಸೂಕ್ಷ್ಮಜೀವಿಗಳು ಒಳಗಿಳಿಯುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ಕೆಂಪು, ಊತ, ತುರಿಕೆ ಎಲ್ಲವೂ ಆ ಕೆರಳಿಕೆಯ ಫಲ. ತುರಿಸಿದಂತೆ ಉಗುರು ಗೋಡೆಯನ್ನು ಇನ್ನಷ್ಟು ಕೀಳುತ್ತದೆ. ಸಾಲದ್ದಕ್ಕೆ, ಈ ಉರಿಯೂತದಲ್ಲಿ ಹುಟ್ಟುವ ಕೆಲವು ರಾಸಾಯನಿಕಗಳೇ ಗೋಡೆಗೆ ಬೇಕಾದ ಸಾಮಗ್ರಿಯ ತಯಾರಿಕೆಯನ್ನು ತಗ್ಗಿಸಿಬಿಡುತ್ತವೆ. ದನ ಅಟ್ಟಲು ಬಂದ ಕಾವಲುಗಾರನೇ ಬೇಲಿಯ ಗೂಟ ಕಿತ್ತಂತೆ! ಇಸುಬು ವಾಸಿಯಾಗಿ ಮತ್ತೆ ಮತ್ತೆ ಮರುಕಳಿಸುವ ಗುಟ್ಟು ಇಲ್ಲಿದೆ.

ಒಂದೇ ರಾಶಿಯ ಅಡಿಕೆ ಸುಲಿದ ಹತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏಕೆ ಬರುತ್ತದೆ ಎಂದು ಕೇಳಬಹುದು. ಕೆಲವರ ಗೋಡೆ ಹುಟ್ಟಿನಿಂದಲೇ ಬಡವು. ಫಿಲಾಗ್ರಿನ್ ಎಂಬ ಪ್ರೋಟೀನು ಇಟ್ಟಿಗೆಗೆ ಗಟ್ಟಿತನ ಕೊಡುತ್ತದೆ. ಅದು ಒಡೆದಾಗ ಚರ್ಮದಲ್ಲಿ ತೇವ ಹಿಡಿದಿಡುವ ವಸ್ತುಗಳಾಗುತ್ತವೆ. ಅದರ ವಂಶವಾಹಿಯಲ್ಲಿ ದೋಷವಿದ್ದವರಿಗೆ ಎಕ್ಸಿಮಾ ಬರುವ ಸಂಭವ ಬಹಳ ಹೆಚ್ಚೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್‌ಲೀನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ದೋಷವಿದ್ದೂ ಇಸುಬು ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಆದರೆ ಚಿಕ್ಕಂದಿನಲ್ಲಿ ಮೊಣಕೈ, ಮಂಡಿಗಳ ಮಡಿಕೆಯಲ್ಲಿ ಇಸುಬು ಇದ್ದವರು ಒದ್ದೆ ಕೆಲಸಕ್ಕಿಳಿದರೆ ಕೈಗೆ ಬರುವುದು ಹೆಚ್ಚು. ಅಂಥವರನ್ನು ಕೇಳಿ ತಿಳಿದು ಪಲ್ಪರ್ ಬದಲು ಒಣಗಿಸುವ ಕಣಕ್ಕೆ ಹಾಕಿದರೆ ಕೂಲಿಯೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.

ಹುಟ್ಟಿನಿಂದ ಬಂದದ್ದನ್ನು ನಾವು ಬದಲಿಸಲಾರೆವು; ಗಾರೆ ತೊಳೆದುಹೋಗುವುದನ್ನು ತಡೆಯಬಲ್ಲೆವು. ದಿನಕ್ಕೆ 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿರುವ ಕೆಲಸವನ್ನು ತಜ್ಞರು ಅಪಾಯದ ಪಟ್ಟಿಗೆ ಸೇರಿಸುತ್ತಾರೆ. ನಮ್ಮಲ್ಲಿ 2 ಗಂಟೆ ಬೆಳಗಿನ ಕಾಫಿಗೆ ಮೊದಲೇ ಮುಗಿದಿರುತ್ತದೆ. ಮಣ್ಣಿನ ರಸಸಾರ ಪರೀಕ್ಷೆ ಮಾಡಿಸುವ ನಮಗೆ ಇನ್ನೊಂದು ಲೆಕ್ಕ ಬೇಗ ಅರ್ಥವಾದೀತು. ಆರೋಗ್ಯವಾದ ಚರ್ಮದ ರಸಸಾರ ಸುಮಾರು 5, ಎಂದರೆ ಹುಳಿ. ಸಾಮಾನ್ಯ ಸೋಪಿನದು 9ರಿಂದ 10, ಕ್ಷಾರ. ಗಾರೆ ತಯಾರಾಗುವುದು ಹುಳಿಯಲ್ಲಿ. ಕ್ಷಾರ ಅದನ್ನು ಕೆಡಿಸುತ್ತದೆ. ಸುಣ್ಣದ ತಿಳಿ ಸೋಪಿಗಿಂತಲೂ ತೀಕ್ಷ್ಣ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸವೆಂದರೆ ಸುಲಿದ ಕರೆ ಹೋಗಲೆಂದು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಕೈ ಉಜ್ಜುವುದು. ಕರೆಯ ಜೊತೆಗೆ ಜಿಡ್ಡೂ ಕರಗಿ ಹೋಗುತ್ತದೆ. ಕರೆ ನಾಲ್ಕು ದಿನ ಇದ್ದರೆ ಯಾರಿಗೂ ನಷ್ಟವಿಲ್ಲ.

ಕೈಗವಸು ಹಾಕಿಕೊಂಡು ಮೆಟ್ಟುಗತ್ತಿಯ ಮುಂದೆ ಕೂರಲಾಗದು ಎನ್ನುವವರ ಮಾತು ನಿಜವೇ. ಆದರೆ ಬೋರ್ಡೋ ಕಲಸುವಾಗ, ಕಾಫಿ ತೊಳೆಯುವಾಗ ಅದು ಬೇಕೇ ಬೇಕು. ಒಣಗಿದ ಕೈಗೆ ಮೊದಲು ತೆಳು ಹತ್ತಿಯ ಕೈಗವಸು, ಮೇಲೆ ರಬ್ಬರಿನದು. ಒಳಗೆ ಬೆವರಿ ಒದ್ದೆಯಾದರೆ ಬದಲಿಸಬೇಕು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಒರಸಿ, ಪಸೆ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು; ಮಲಗುವಾಗ ಮತ್ತೊಮ್ಮೆ. ಕತ್ತಿಯ ಕೆಲಸಕ್ಕೆ ಮೊದಲು ಹಚ್ಚಬೇಡಿ, ಕೈ ಜಾರೀತು.

ಕೊಬ್ಬರಿ ಎಣ್ಣೆ ಆಗದೇ ಎಂದು ಸಂಘದ ಕಚೇರಿಯಲ್ಲಿ ಹಲವರು ಕೇಳಿದ್ದಾರೆ. 2014ರಲ್ಲಿ ಫಿಲಿಪ್ಪೀನ್ಸಿನಲ್ಲಿ ಇಸುಬಿದ್ದ 117 ಮಕ್ಕಳ ಮೇಲೆ 8 ವಾರ ನಡೆದ ಪರೀಕ್ಷೆಯಲ್ಲಿ ಶುದ್ಧ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ ಹೆಚ್ಚು ಗುಣ ತೋರಿಸಿತು. ಆದರೆ ಎಲ್ಲ ಎಣ್ಣೆಯೂ ಒಂದಲ್ಲ. ಆಲಿವ್ ಎಣ್ಣೆ ಈ ಗೋಡೆಯನ್ನು ಸಡಿಲಿಸುತ್ತದೆಂದು 2013ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಬಂದಿದೆ. ಹುಟ್ಟಿದ ಕೂಸಿಗೆಲ್ಲ ಜಿಡ್ಡು ಬಳಿದರೆ ಇಸುಬೇ ಬಾರದು ಎಂಬ ಆಸೆಯೂ ಕೈಗೂಡಲಿಲ್ಲ: ಬ್ರಿಟನ್ನಿನಲ್ಲಿ 1394 ಶಿಶುಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಿಡ್ಡು ಮುರಿದ ಬೇಲಿಗೆ ರಿಪೇರಿ, ಅಷ್ಟೇ.

ಕೆರಳಿಕೆ ಹೆಚ್ಚಾದಾಗ ಅದನ್ನು ತಣಿಸಲು ವೈದ್ಯರು ಸ್ಟೀರಾಯ್ಡ್ ಮುಲಾಮು ಕೊಡುತ್ತಾರೆ. ಅದು ಒಳ್ಳೆಯ ಔಷಧವೇ. ಆದರೆ ತೋಟಕ್ಕೆ ನುಗ್ಗಿದ ದನ ಅಟ್ಟಿ ಬೇಲಿ ಹಾಗೆಯೇ ಬಿಟ್ಟರೆ ನಾಳೆ ದನ ಮತ್ತೆ ಅಲ್ಲೇ. ಮುಲಾಮಿನ ಜೊತೆ ಜಿಡ್ಡು ಹಚ್ಚುವುದನ್ನು ಬಿಡಬಾರದು. ವೈದ್ಯರ ಚೀಟಿ ಇಲ್ಲದೆ ಇಂಥ ಹಲವು ಮುಲಾಮುಗಳನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದ್ದರೂ ಟ್ಯೂಬು ಕೈಯಿಂದ ಕೈಗೆ ಓಡಾಡುತ್ತಲೇ ಇದೆ. ಗಜಕರ್ಣಕ್ಕೆ ಇದನ್ನು ಹಚ್ಚಿದರೆ ತುರಿಕೆ ನಿಂತಂತೆ ತೋರಿ ಶಿಲೀಂಧ್ರ ಒಳಗೇ ಹರಡುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮವೇ ತೆಳುವಾಗಿ ಇದ್ದ ಗೋಡೆಯೂ ಹೋಗುತ್ತದೆ. ಮನೆಮಂದಿಗೆಲ್ಲ ರಾತ್ರಿ ತುರಿಕೆ ಎದ್ದರೆ ಅದು ಬಹುಶಃ ಕಜ್ಜಿ. ಅದು ಅಂಟುತ್ತದೆ, ಅದರ ಮದ್ದೇ ಬೇರೆ.

ಕೀವು, ಜ್ವರ, ಕಂಕುಳಲ್ಲಿ ಗಡ್ಡೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟೆಲ್ಲ ಮಾಡಿಯೂ ಆರು ವಾರದಲ್ಲಿ ಗುಣ ಕಾಣದಿದ್ದರೆ ಯಾವುದೋ ವಸ್ತುವಿನ ಅಲರ್ಜಿ ಇರಬಹುದು: ಕಾಂಗ್ರೆಸ್ ಗಿಡ, ಸಿಮೆಂಟಿನ ಕ್ರೋಮಿಯಂ, ಕೆಲವೊಮ್ಮೆ ಕೈಗವಸಿನ ರಬ್ಬರೇ. ಬೆನ್ನಿಗೆ ಪಟ್ಟಿ ಅಂಟಿಸಿ ಇದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಚರ್ಮತಜ್ಞರು ಮಾಡುತ್ತಾರೆ. ಹೋಗುವಾಗ ಬಳಸುವ ಸೋಪು, ಹಚ್ಚಿದ ಮುಲಾಮಿನ ಟ್ಯೂಬು, ಸಿಂಪಡಿಸಿದ ಔಷಧದ ಡಬ್ಬಿಯ ಚೀಟಿ, ಹಾಕಿಕೊಳ್ಳುವ ಕೈಗವಸು ಇವಿಷ್ಟನ್ನೂ ಒಂದು ಚೀಲದಲ್ಲಿ ಜೊತೆಗೆ ಒಯ್ಯಿರಿ.