ಎರಡೇ ಪಕ್ಷಗಳೇ?

ಪೂರ್ವ–ಪಶ್ಚಿಮ, ಸಂಪ್ರದಾಯ–ಆಧುನಿಕತೆ, ಭಾವನೆ–ವಿಚಾರ. ಇಂತಹ ಜೋಡಿ ಪದಗಳನ್ನು ನೀವು ಚರ್ಚೆಗಳಲ್ಲಿ ಕೇಳಿಯೇ ಇರುತ್ತೀರಿ. ಮೇಲ್ನೋಟಕ್ಕೆ ಇವು ಕೇವಲ ವ್ಯತ್ಯಾಸವನ್ನು ಸೂಚಿಸುತ್ತವೆ. ಸೂಕ್ಷ್ಮವಾಗಿ ಗಮನಿಸಿದರೆ, ಒಂದು ಮೇಲು, ಇನ್ನೊಂದು ಕೀಳು ಎಂಬ ತೀರ್ಪು ಅವುಗಳಲ್ಲಿ ಅಡಗಿರುತ್ತದೆ. ವಿಮರ್ಶೆಯಲ್ಲಿ ಇದನ್ನು ಯುಗ್ಮ ವೈರುಧ್ಯದ ಚಿಂತನೆ ಎನ್ನಬಹುದು.

ಯುರೋಪು ತನ್ನನ್ನು ವಿಚಾರಶೀಲವೆಂದು ಗುರುತಿಸಿಕೊಳ್ಳಲು ಪೂರ್ವವನ್ನು ತನಗೆ ವಿರುದ್ಧವಾದ ಬಿಂಬವಾಗಿ ಚಿತ್ರಿಸಿತು ಎಂದು ಎಡ್ವರ್ಡ್ ಸಯೀದ್ 1978ರ ‘ಓರಿಯೆಂಟಲಿಸಂ’ ಕೃತಿಯಲ್ಲಿ ವಾದಿಸಿದರು. ಆ ಚಿತ್ರ ಪುಸ್ತಕಗಳಲ್ಲಷ್ಟೇ ಉಳಿಯಲಿಲ್ಲ. ವಸಾಹತು ಆಳ್ವಿಕೆಗೆ ಸಮರ್ಥನೆಯೂ ಆಯಿತು.

ಬಂಗಾಳದ ಸಹಗಮನ ವಿವಾದವನ್ನೇ ನೋಡಿ. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ಈ ಪದ್ಧತಿಯನ್ನು ನಿಷೇಧಿಸಿದರು. ಒಂದೆಡೆ ಆಧುನಿಕ ಬ್ರಿಟಿಷರು, ಇನ್ನೊಂದೆಡೆ ಸಂಪ್ರದಾಯಕ್ಕೆ ಅಂಟಿಕೊಂಡ ಭಾರತೀಯರು ಎಂಬುದು ರೂಢಿಯ ಕಥೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಪಂಡಿತರ ಅಭಿಪ್ರಾಯ ಪಡೆದು, ಶಾಸ್ತ್ರಸಮ್ಮತವಾದ ಸಹಗಮನಕ್ಕೆ 1813ರಲ್ಲಿ ಅವಕಾಶ ನೀಡಿದ್ದು ಕಂಪನಿ ಸರ್ಕಾರವೇ. ಪದ್ಧತಿಯನ್ನು ವಿರೋಧಿಸಿದ ರಾಮಮೋಹನ ರಾಯರು 1818ರಿಂದ ಪ್ರಕಟಿಸಿದ ಬರಹಗಳಲ್ಲಿ ಶಾಸ್ತ್ರಗಳನ್ನೇ ಆಧಾರವಾಗಿಟ್ಟುಕೊಂಡರು. ನಿಷೇಧವನ್ನು ವಿರೋಧಿಸಿದ ಸಂಪ್ರದಾಯಸ್ಥರಾದರೋ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮೊರೆಯಿಟ್ಟರು. ಅವರ ಅರ್ಜಿ 1832ರಲ್ಲಿ ವಜಾ ಆಯಿತು. ಅಂದರೆ ‘ಆಧುನಿಕ’ರು ಶಾಸ್ತ್ರವನ್ನು ಹುಡುಕಿದರು, ‘ಸಾಂಪ್ರದಾಯಿಕ’ರು ಬ್ರಿಟಿಷ್ ನ್ಯಾಯಪೀಠದ ಬಾಗಿಲು ತಟ್ಟಿದರು! ಜೋಡಿ ಪದಗಳು ಇಲ್ಲಿ ಕೈಕೊಡುತ್ತವೆ.

ಈ ವಾದವಿವಾದದಲ್ಲಿ ಯಾರ ದನಿ ಕೇಳಿಸಲಿಲ್ಲ? ಚಿತೆಯ ಮುಂದೆ ನಿಂತ ವಿಧವೆಯದು. ಸ್ತ್ರೀ ಈ ಚರ್ಚೆಯ ನೆಲವಾದಳೇ ಹೊರತು ಅದರಲ್ಲಿ ಪಾಲುಗೊಳ್ಳಲಿಲ್ಲ ಎಂಬುದನ್ನು ಲತಾ ಮಣಿ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಅಂಚಿನಲ್ಲಿರುವವರು ಮಾತನಾಡಬಲ್ಲರೇ ಎಂದು ಕೇಳುವ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರ 1988ರ ಪ್ರಬಂಧವೂ ಇದೇ ವಿವಾದವನ್ನು ಚರ್ಚಿಸುತ್ತದೆ.

ಹಾಗೆಂದು ನಿಷೇಧವೇ ತಪ್ಪೆಂದು ಯಾರೂ ತಿಳಿಯಬೇಕಾಗಿಲ್ಲ. ಕ್ರೌರ್ಯವನ್ನು ಕ್ರೌರ್ಯವೆನ್ನಲು ಪೂರ್ವ, ಪಶ್ಚಿಮಗಳ ಹಂಗು ಬೇಡ. ಅಂತೆಯೇ, ಜೋಡಿಯನ್ನು ತಿರುವಿಹಾಕಿ ‘ಪೂರ್ವವೇ ಶ್ರೇಷ್ಠ’ ಎನ್ನುವುದೂ ಪರಿಹಾರವಲ್ಲ. ತಕ್ಕಡಿ ಅದೇ, ಏರಿದ ತಟ್ಟೆ ಮಾತ್ರ ಬೇರೆ.

‘ನಮ್ಮ ಸಂಸ್ಕೃತಿಯೋ, ಪಾಶ್ಚಾತ್ಯ ಸಂಸ್ಕೃತಿಯೋ’ ಎಂಬ ಚರ್ಚೆಯನ್ನು ಮುಂದೊಮ್ಮೆ ನೋಡುವಾಗ ಈ ಮೂರು ಪ್ರಶ್ನೆಗಳನ್ನು ನೆನಪಿಡಿ. ಈ ಜೋಡಿಯನ್ನು ಕಟ್ಟಿದವರು ಯಾರು? ಅದರಿಂದ ಲಾಭ ಯಾರಿಗೆ? ಯಾರನ್ನು ಕುರಿತು ಮಾತು ನಡೆದಿದೆಯೋ ಅವರಿಗೆ ಮಾತನಾಡಲು ಅವಕಾಶವಿದೆಯೇ?