ಕಣ್ಣಿಗೆ ‘ಕರೆಂಟ್’ ಕೊಡಿಸಿದರೆ ನೋಟ ಹೋಗುತ್ತದೆಯೇ?



“ಕಣ್ಣಿಗೆ ಕರೆಂಟ್ ಕೊಡಿಸಿದ್ರ ಇದ್ದ ನೋಟನೂ ಹೋಗ್ತದಂತ, ಖರೇ ಏನ್ರಿ?” ಎಂದು ಕೇಳುವವರಿದ್ದಾರೆ. ಅರ್ಧ ಖರೆ, ಅರ್ಧ ಸುಳ್ಳು. ಅರ್ಧ ಮಾತು ಕೇಳಿ ಕೂಸಿನ ಚಿಕಿತ್ಸೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಈ ವಿಷಯ ಬಿಡಿಸಿ ಹೇಳುತ್ತಿದ್ದೇವೆ.

ನಾವು ಕರೆಂಟ್ ಅನ್ನೋದು ಲೈಟಿನ ಕರೆಂಟ್ ಅಲ್ಲ. ಅದು ಗಡ್ಡೆಯನ್ನು ಸಾಯಿಸುವ ವಿಕಿರಣ.

ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರಿಗೆ ರೆಟಿನೋಬ್ಲಾಸ್ಟೋಮಾ ಎನ್ನುತ್ತಾರೆ. ಇದು ಹೆಚ್ಚಾಗಿ 5 ವರ್ಷದೊಳಗೇ ಕಾಣಿಸುತ್ತದೆ. ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಇರುತ್ತದೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ. ಕೆಲವು ಮಕ್ಕಳಿಗೆ ಮೆಳ್ಳಗಣ್ಣು ಬರುತ್ತದೆ. “ಮೆಳ್ಳಗಣ್ಣು ಅದೃಷ್ಟ” ಎಂದು ಸುಮ್ಮನೆ ಕೂರಬೇಡಿರಿ. ಬಿಳಿ ಹೊಳಪೆಲ್ಲ ಕ್ಯಾನ್ಸರ್ ಅಲ್ಲ, ಪೊರೆಯೂ ಇರಬಹುದು. ಆದರೆ ಯಾವುದೆಂದು ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

ಡಾಕ್ಟರು ಮೊದಲು ಜೀವ, ಆಮೇಲೆ ಕಣ್ಣು, ಆಮೇಲೆ ನೋಟ ಎಂಬ ಕ್ರಮದಲ್ಲಿ ನೋಡುತ್ತಾರೆ. ಗಡ್ಡೆ ಬಹಳ ಬೆಳೆದಿದ್ದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಇದನ್ನು ಕೇಳಿ ಕೂಸನ್ನು ಎತ್ತಿಕೊಂಡು ಮನೆಗೆ ಬಂದುಬಿಡುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ರೋಗ ಕಣ್ಣು ದಾಟಿ ಮಿದುಳಿಗೆ ಹೋದರೆ ಕೂಸು ಉಳಿಯುವುದು ಕಷ್ಟ. ಬೇಗ ಹೋದರೆ ಕಿಮೋ ಮದ್ದು, ಲೇಸರ್, ಶೀತ ಚಿಕಿತ್ಸೆಗಳಿಂದ ಕಣ್ಣನ್ನೂ ಉಳಿಸಬಹುದು. ಅವುಗಳಿಂದ ಹೋಗದ ಗಡ್ಡೆಗೆ ವಿಕಿರಣ.

ಹಿಂದೆ ಹೊರಗಿನಿಂದ ಇಡೀ ಕಣ್ಣಿಗೆ ಕಿರಣ ಬಿಡುತ್ತಿದ್ದರು. ಅದರಿಂದ ಮುಖದ ಎಲುಬು ಸರಿಯಾಗಿ ಬೆಳೆಯುತ್ತಿರಲಿಲ್ಲ, ಕೆಲವರಿಗೆ ಮುಂದೆ ಬೇರೆ ಕ್ಯಾನ್ಸರ್ ಬರುತ್ತಿತ್ತು. ಹಾಗಾಗಿ ಈಗ ಅದು ಕಡಿಮೆ. ಈಗ ನಾಣ್ಯದಷ್ಟು ಅಗಲದ ಚಿಕ್ಕ ಬಟ್ಟಲನ್ನು ಗಡ್ಡೆ ಇರುವ ಕಡೆ ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಇಂಥ ರುಥೇನಿಯಂ ಬಟ್ಟಲನ್ನು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವೇ ಮಾಡಿದ್ದು, 2020ರಲ್ಲಿ ಬಳಕೆಗೆ ಬಂತು. ಬಟ್ಟಲು ಕಣ್ಣಲ್ಲಿ ಇರುವಾಗ ಗರ್ಭಿಣಿಯರು, ಚಿಕ್ಕ ಮಕ್ಕಳು ಹತ್ತಿರ ಹೋಗಬಾರದು. ತೆಗೆದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಕೂಸನ್ನು ಎತ್ತಿ ಮುದ್ದಾಡಿರಿ, ಇದು ಅಂಟುರೋಗವೂ ಅಲ್ಲ.

ಇನ್ನು ನೋಟದ ಮಾತು. ಕಣ್ಣಿನ ಹಿಂಪರದೆಯ ನಡುಭಾಗದಿಂದಲೇ ನಾವು ಸೂಜಿಗೆ ದಾರ ಪೋಣಿಸುವುದು, ಜೋಳದಲ್ಲಿ ಕಲ್ಲು ಆರಿಸುವುದು. ಗಡ್ಡೆ ಅಲ್ಲೇ ಇದ್ದರೆ ಚಿಕಿತ್ಸೆ ಆದರೂ ನೋಟ ಕಡಿಮೆಯೇ. ದೂರ ಇದ್ದರೆ ಚೆನ್ನಾಗಿ ಉಳಿಯಬಹುದು. ವಿಕಿರಣದ ತೊಂದರೆ ಕೂಡಲೇ ಕಾಣುವುದಿಲ್ಲ. ತಿಂಗಳುಗಳು, ಕೆಲವೊಮ್ಮೆ ಎರಡು-ಮೂರು ವರ್ಷ ಕಳೆದ ಮೇಲೆ ಪೊರೆ ಬರುತ್ತದೆ, ಇಲ್ಲವೇ ಪರದೆಯ ಸಣ್ಣ ರಕ್ತನಾಳಗಳು ಸೋರುತ್ತವೆ. ಪೊರೆಗೆ ಆಪರೇಷನ್ ಇದೆ. ಸೋರಿಕೆಗೆ ಕೆಲವರಿಗೆ ಇಂಜೆಕ್ಷನ್ ಉಪಯೋಗವಾಗುತ್ತದೆ. ನರಕ್ಕೆ ಪೆಟ್ಟಾದರೆ ಮಾತ್ರ ಹೋದ ನೋಟ ಬರುವುದು ಕಷ್ಟ.

ದೊಡ್ಡವರಿಗೆ ಬರುವ ಇನ್ನೊಂದು ಕಣ್ಣಿನ ಕ್ಯಾನ್ಸರ್ ಮೆಲನೋಮಾ. ಅದರ ಬಗ್ಗೆ ಅಮೆರಿಕದಲ್ಲಿ 1987ರಿಂದ ದೊಡ್ಡ ಅಧ್ಯಯನ ನಡೆಯಿತು. ಮಧ್ಯಮ ಗಾತ್ರದ ಗಡ್ಡೆ ಇದ್ದವರಲ್ಲಿ ಕಣ್ಣು ತೆಗೆಸಿದವರೂ ಬಟ್ಟಲು ಇಡಿಸಿಕೊಂಡವರೂ ಒಂದೇ ಸಮ ಬದುಕಿದರು. ಆದರೆ ಬಟ್ಟಲು ಇಟ್ಟವರಲ್ಲಿ 3 ವರ್ಷದ ಹೊತ್ತಿಗೆ 100ಕ್ಕೆ ಸುಮಾರು 43 ಮಂದಿಗೆ ಆ ಕಣ್ಣಿನ ನೋಟ ತೀರ ಮಂದವಾಗಿತ್ತು. ಕಣ್ಣು ಉಳಿದರೆ ನೋಟವೂ ಪೂರ್ತಿ ಉಳಿಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿರಿ. ನೋಟ ಮಂಜಾಯಿತೆಂದು ಚಿಕಿತ್ಸೆ ಕೆಟ್ಟಿತು ಎಂದೂ ತಿಳಿಯಬೇಡಿರಿ.

ನಮ್ಮ ಕಡೆಯಿಂದ ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋದರೆ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ, ನಾರಾಯಣ ನೇತ್ರಾಲಯ ಇವೆ. ಹೊರಡುವ ಮೊದಲು ಬಸವಕಲ್ಯಾಣದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಬರೆಸಿಕೊಳ್ಳಿರಿ. ಆಯುಷ್ಮಾನ್ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದೂ ಅಲ್ಲೇ ಕೇಳಿರಿ. ಬಸ್ಸು, ಊಟ, ವಸತಿಯ ಖರ್ಚು ಕೈಯಿಂದಲೇ. ಇಂಥ ಹೊತ್ತಿಗೆ ಸಂಘದ ಸಾಲ ಕೊಡಲು ಮುಂದಿನ ಸಭೆಯ ತನಕ ಕಾಯಿಸಬೇಡಿರಿ.

ಚಿಕಿತ್ಸೆ ಮುಗಿದ ಮೇಲೆ ಡಾಕ್ಟರು ಹೇಳಿದ ತಾರೀಖಿಗೆ ತಪ್ಪದೇ ಹೋಗಬೇಕು. ಗಡ್ಡೆ ಮತ್ತೆ ಬಂದದ್ದೂ, ಪರದೆ ಸೋರುವುದೂ ಮೊದಲು ಅವರಿಗೇ ಕಾಣುವುದು. ಚೆನ್ನಾಗಿರುವ ಕಣ್ಣಿಗೆ ಪೆಟ್ಟು ಬೀಳದಂತೆ ಗಟ್ಟಿ ಕನ್ನಡಕ ಹಾಕಿಸಿರಿ. ಈ ರೋಗ ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ. ಹಾಗಾಗಿ ಆ ಕೂಸಿನ ಅಣ್ಣ-ತಮ್ಮ, ಅಕ್ಕ-ತಂಗಿಯರ ಕಣ್ಣನ್ನೂ, ಮುಂದೆ ಹುಟ್ಟುವ ಕೂಸಿನ ಕಣ್ಣನ್ನು ಹುಟ್ಟಿದ ಕೂಡಲೇ, ತೋರಿಸಬೇಕು.